ಪೌಡರ್ ಕೋಟಿಂಗ್ ಶಾಪಿನಲ್ಲಿ ಕರೆಂಟು, ಗ್ಯಾಸು ಎಲ್ಲಿ ಹೋಗುತ್ತದೆ, ಅದನ್ನು ಹಿಡಿಯುವುದು ಹೇಗೆ

ಪೌಡರ್ ಕೋಟಿಂಗ್ ಅಂದರೆ ಲೋಹದ ಮಾಲನ್ನು ಟ್ಯಾಂಕಿನಲ್ಲಿ ತೊಳೆದು, ಬಣ್ಣದ ಒಣ ಪುಡಿಯನ್ನು ಕರೆಂಟ್ ಚಾರ್ಜ್ ಕೊಟ್ಟು ಗನ್ನಿನಿಂದ ಊದಿ, ಓವನ್ನಿನಲ್ಲಿ ಬೇಯಿಸುವ ಕೆಲಸ. ಹುಬ್ಬಳ್ಳಿಯ ಗೋಕುಲ ರೋಡ್ ಇಂಡಸ್ಟ್ರಿಯಲ್ ಎಸ್ಟೇಟ್, ತಾರಿಹಾಳ, ಧಾರವಾಡದ ಬೇಲೂರು ಕಡೆ ಪೌಡರ್ ಕೋಟಿಂಗ್ ಜಾಬ್‌ವರ್ಕ್ ಮಾಡುವ ಯಾರನ್ನೇ ಮಾತಾಡಿಸಿ, ಸುತ್ತಿ ಬಳಸಿ ಮಾತು ಹೆಸ್ಕಾಂ ಕರೆಂಟ್ ಬಿಲ್ಲಿಗೆ, ಇಲ್ಲವೇ ಸಿಲಿಂಡರ್ ಖರ್ಚಿಗೆ ಬಂದು ನಿಲ್ಲುತ್ತದೆ. ಪಾರ್ಟಿ, ಅಂದರೆ ಮಾಲು ಕೊಡುವ ಗಿರಾಕಿ, ರೇಟು ಏರಿಸಲು ಒಪ್ಪುವುದಿಲ್ಲ. ಪೌಡರ್ ರೇಟು ನಮ್ಮ ಕೈಯಲ್ಲಿಲ್ಲ. ಉಳಿದದ್ದು ಇದೊಂದೇ, ಅಲ್ವಾ? ಆದರೆ ಹೆಚ್ಚಿನವರು ಇಲ್ಲಿ ಮಾಡುವುದು ಏನೆಂದರೆ ಟ್ಯೂಬ್‌ಲೈಟ್ ತೆಗೆದು ಎಲ್‌ಇಡಿ ಹಾಕುತ್ತಾರೆ, ಹಳೆ ಮೋಟರ್ ಬದಲಿಸುವ ಮಾತಾಡುತ್ತಾರೆ, ಓವನ್ನಿನ ಕಡೆ ಮಾತ್ರ ತಿರುಗಿಯೂ ನೋಡುವುದಿಲ್ಲ. ನಿಜ ಹೇಳಬೇಕೆಂದರೆ ನೀವು ದುಡ್ಡು ಕೊಟ್ಟು ತಂದ ಶಾಖದಲ್ಲಿ ಮಾಲಿನೊಳಗೆ ಹೋಗುವುದು ಸಣ್ಣ ಪಾಲು. ಉಳಿದದ್ದು ಓವನ್ ಗೋಡೆಯಿಂದ, ಬಾಗಿಲಿನಿಂದ, ಟ್ರಾಲಿಯಿಂದ, ಟ್ಯಾಂಕಿನ ಬಾಯಿಯಿಂದ ಹೊರಗೆ ಹೋಗುತ್ತದೆ. ಅದನ್ನು ಒಂದೊಂದಾಗಿ ಹಿಡಿಯುವುದು ಹೇಗೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ಹೆಚ್ಚಿನದಕ್ಕೆ ಖರ್ಚೇ ಇಲ್ಲ, ಇದ್ದರೂ ಸಣ್ಣ ಖರ್ಚು.

ಮೊದಲು ಮೀಟರ್ ಹಾಕಿ

ತಿಂಗಳ ಬಿಲ್ಲು ನೋಡಿದರೆ ಏನೂ ತಿಳಿಯುವುದಿಲ್ಲ. ಮಾಲು ಜಾಸ್ತಿ ಬಂದ ತಿಂಗಳು ಬಿಲ್ಲು ಜಾಸ್ತಿ, ಕಡಿಮೆ ಬಂದ ತಿಂಗಳು ಕಡಿಮೆ, ಅಷ್ಟೇ. ನಿಮಗೆ ಬೇಕಾದ್ದು ಒಂದು ಕೆಜಿ ಮಾಲಿಗೆ ಎಷ್ಟು ಯೂನಿಟ್, ಎಷ್ಟು ಗ್ಯಾಸ್ ಹೋಯಿತು ಅನ್ನುವ ಲೆಕ್ಕ. ಪ್ಯಾನಲ್ ಬೋರ್ಡ್, ಕಪಾಟು, ಶೀಟ್ ಐಟಂ ಮಾಡುವವರಿಗೆ ಚದರ ಮೀಟರ್ ಲೆಕ್ಕ ಇನ್ನೂ ಚೆನ್ನಾಗಿ ಹೊಂದುತ್ತದೆ. ವಾಲ್ವ್ ಬಾಡಿ, ಬ್ರಾಕೆಟ್, ಕೃಷಿ ಸಲಕರಣೆ ಥರದ ತೂಕದ ಮಾಲಿಗೆ ಕೆಜಿ ಲೆಕ್ಕವೇ ಸರಿ.

ಇದಕ್ಕೆ ದೊಡ್ಡ ಸಾಫ್ಟ್‌ವೇರ್ ಬೇಕಾಗಿಲ್ಲ. ಓವನ್, ಕಂಪ್ರೆಸರ್, ಟ್ಯಾಂಕ್ ಹೀಟರ್, ಈ ಮೂರಕ್ಕೆ ಒಂದೊಂದು ಡಿಜಿಟಲ್ ಎನರ್ಜಿ ಮೀಟರ್ ಕೂರಿಸಿ. ಎಲೆಕ್ಟ್ರಿಷಿಯನ್ ಅರ್ಧ ದಿನದಲ್ಲಿ ಮುಗಿಸುತ್ತಾನೆ. ಗ್ಯಾಸ್ ಓವನ್ ಇದ್ದರೆ ಸಿಲಿಂಡರ್ ಹಚ್ಚಿದ ದಿನ, ತೆಗೆದ ದಿನ ಬರೆದಿಡಿ. ಸಾಧ್ಯವಾದರೆ ಸಿಲಿಂಡರನ್ನು ತೂಕದ ಮೇಲೇ ಇಟ್ಟು ಬೆಳಿಗ್ಗೆ ಸಂಜೆ ಕಿಲೋ ನೋಡಿ, ಅದಕ್ಕಿಂತ ಸರಿಯಾದ ಮೀಟರ್ ಇಲ್ಲ. ಶಿಫ್ಟ್ ಶುರುವಿಗೆ ಒಂದು ರೀಡಿಂಗ್, ಮುಗಿದಾಗ ಒಂದು, ಪಕ್ಕದಲ್ಲಿ ಆ ದಿನದ ಮಾಲು, ಎಷ್ಟು ಬ್ಯಾಚ್, ಎಷ್ಟು ರಿಜೆಕ್ಷನ್. ಒಂದು ನೋಟ್‌ಬುಕ್ ಸಾಕು. ಬರೆಯುವ ಕೆಲಸ ಓವನ್ ನೋಡಿಕೊಳ್ಳುವ ಹುಡುಗನಿಗೇ ಕೊಡಿ. ಬರೆಯುವವನ ಕಣ್ಣಿಗೆ ವ್ಯತ್ಯಾಸ ಮೊದಲು ಬೀಳುತ್ತದೆ.

ಕಾಗದದ ಮೇಲೆ ಒಂದು ಲೆಕ್ಕ

ಕಬ್ಬಿಣದ ಒಂದು ಕೆಜಿಯನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 0.12 ಕಿಲೋಕ್ಯಾಲರಿ ಬೇಕು. 860 ಕಿಲೋಕ್ಯಾಲರಿ ಅಂದರೆ ಒಂದು ಯೂನಿಟ್. ಈ ಎರಡು ಅಂಕಿ ನೆನಪಿಟ್ಟುಕೊಂಡರೆ ಅರ್ಧ ಕೆಲಸ ಮುಗಿಯಿತು.

ಒಂದು ಬ್ಯಾಚ್ ಓವನ್ ತಗೊಳ್ಳಿ. ಒಳ ಅಳತೆ 3 ಮೀಟರ್ ಉದ್ದ, 2 ಅಗಲ, 2 ಎತ್ತರ ಅಂತಿಟ್ಟುಕೊಳ್ಳಿ. ಬ್ಯಾಚಿಗೆ 300 ಕೆಜಿ ಮಾಲು. 30 ಡಿಗ್ರಿಯಿಂದ 190ಕ್ಕೆ ಒಯ್ಯಬೇಕು, ಅಂದರೆ 160 ಡಿಗ್ರಿ ಏರಿಕೆ. 300 ಗುಣಿಸು 0.12 ಗುಣಿಸು 160, ಒಟ್ಟು 5,760 ಕಿಲೋಕ್ಯಾಲರಿ. ಹತ್ತಿರ ಹತ್ತಿರ 6.7 ಯೂನಿಟ್. ಮಾಲಿಗೆ ಬೇಕಾದ್ದು ಇಷ್ಟೇ!

ಈಗ ಮಾಲು ನೇತುಹಾಕಿ ಓವನ್ನಿನೊಳಗೆ ತಳ್ಳುವ ಟ್ರಾಲಿ. ಗಟ್ಟಿಮುಟ್ಟಾಗಿ ಇರಲಿ ಅಂತ ಚಾನಲ್, ಆಂಗಲ್ ಹಾಕಿ ಮಾಡಿಸಿದ 150 ಕೆಜಿ ಟ್ರಾಲಿ ಇದ್ದರೆ ಪ್ರತಿ ಬ್ಯಾಚಿಗೂ ಅದೂ ಬಿಸಿಯಾಗಬೇಕು. ಅದಕ್ಕೆ 3.3 ಯೂನಿಟ್. ಮಾಲಿನ ಅರ್ಧದಷ್ಟು ಶಾಖ ಟ್ರಾಲಿಗೇ ಹೋಯಿತು.

ಗೋಡೆ ಇನ್ನೂ ಕೆಟ್ಟದು. ಬಿಸಿಯಾದ ಹೊರಮೈಯಿಂದ ಚದರ ಮೀಟರಿಗೆ, ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 10 ವ್ಯಾಟ್ ಹೋಗುತ್ತದೆ. ಇದು ಅಂದಾಜು, ಆದರೆ ನಮ್ಮ ಕೆಲಸಕ್ಕೆ ಸಾಕು. ಈ ಓವನ್ನಿನ ಮೈ ಎಲ್ಲ ಸೇರಿ 32 ಚದರ ಮೀಟರ್. ಶೆಡ್ಡಿನಲ್ಲಿ 32 ಡಿಗ್ರಿ ಇದೆ, ಓವನ್ ಹೊರಮೈ 60 ಡಿಗ್ರಿ ಇದೆ ಅಂದರೆ ವ್ಯತ್ಯಾಸ 28. ಗುಣಿಸಿ ನೋಡಿ, ಹತ್ತಿರ ಹತ್ತಿರ 9 ಕಿಲೋವ್ಯಾಟ್. ಗಂಟೆಗೆ 9 ಯೂನಿಟ್ ಶೆಡ್ ಕಾಯಿಸಲು ಹೋಗುತ್ತಿದೆ. ದಿನಕ್ಕೆ 9 ಗಂಟೆ ಓವನ್ ಬಿಸಿ ಇಟ್ಟು 8 ಬ್ಯಾಚ್ ತೆಗೆದರೆ ಮಾಲಿಗೆ 54 ಯೂನಿಟ್, ಟ್ರಾಲಿಗೆ 27, ಗೋಡೆಗೆ 80. ಬಾಗಿಲು ತೆರೆದದ್ದು, ಎಕ್ಸಾಸ್ಟ್ ಇನ್ನೂ ಸೇರಿಸಿಯೇ ಇಲ್ಲ. ಈ ಲೆಕ್ಕವನ್ನು ನಿಮ್ಮ ಓವನ್ನಿನ ಅಳತೆ ಹಾಕಿ ಇವತ್ತೇ ಮಾಡಿ. ಮುಂದೆ ಏನು ಮಾಡಬೇಕು ಅಂತ ಯಾರೂ ಹೇಳಬೇಕಾಗುವುದಿಲ್ಲ.

ಓವನ್ ಮೈ ಮುಟ್ಟಿ ನೋಡಿ

ಬರೀ ಕೈಯಿಂದ ಬೇಡ, ಇನ್ಫ್ರಾರೆಡ್ ಥರ್ಮಾಮೀಟರ್ ತಗೊಳ್ಳಿ. ಗನ್ನಿನ ಹಾಗೆ ಇರುತ್ತದಲ್ಲ, ಅದೇ. ಇಲ್ಲಿ ಒಂದು ಸೂಕ್ಷ್ಮ ಇದೆ. ಓವನ್ ಹೊರಗಿನ ಶೀಟ್ ಹೊಳೆಯುವ ಅಲ್ಯೂಮಿನಿಯಂ ಅಥವಾ ಹೊಸ ಜಿಐ ಆಗಿದ್ದರೆ ಈ ಗನ್ ಸುಳ್ಳು ಹೇಳುತ್ತದೆ. ನಿಜವಾಗಿ 65 ಡಿಗ್ರಿ ಇದ್ದರೂ 40 ಅಂತ ತೋರಿಸಿ ಸಮಾಧಾನ ಮಾಡಿಬಿಡಬಹುದು, ಯಾಕೆಂದರೆ ಹೊಳೆಯುವ ಲೋಹ ತನ್ನ ಶಾಖವನ್ನು ಕಿರಣವಾಗಿ ಕಡಿಮೆ ಬಿಡುತ್ತದೆ, ಎದುರಿಗಿನ ತಣ್ಣನೆಯ ಗೋಡೆಯನ್ನೇ ಕನ್ನಡಿಯಂತೆ ತೋರಿಸುತ್ತದೆ. ಹಾಗಾಗಿ ಓವನ್ ಮೈಮೇಲೆ ಅಲ್ಲಲ್ಲಿ ಮಾಸ್ಕಿಂಗ್ ಟೇಪಿನ ತುಂಡು ಅಂಟಿಸಿ, ಎರಡು ನಿಮಿಷ ಬಿಟ್ಟು ಆ ಟೇಪಿನ ಮೇಲೆಯೇ ಗನ್ ಹಿಡಿಯಿರಿ. ಟೇಪು ನಿಮ್ಮ ಶಾಪಿನಲ್ಲಿ ಹೇಗೂ ಬಿದ್ದಿರುತ್ತದೆ.

ಪ್ರತಿ ಗೋಡೆಗೆ ಆರೇಳು ಕಡೆ, ಛಾವಣಿಗೆ ಮರೆಯದೆ, ಬಾಗಿಲ ಸುತ್ತ ಇನ್ನೂ ಜಾಸ್ತಿ ಕಡೆ ಅಳೆಯಿರಿ. ಶೆಡ್ಡಿನ ಬಿಸಿಗಿಂತ 15 ಡಿಗ್ರಿ ಮೇಲಿದ್ದರೆ ಪರವಾಗಿಲ್ಲ. 25-30 ಮೇಲಿದ್ದರೆ ಗೋಡೆಯೊಳಗೆ ಶಾಖ ತಡೆಯಲು ತುಂಬಿದ ರಾಕ್‌ವುಲ್ ಕುಸಿದಿದೆ ಅಂತಲೇ ಅರ್ಥ. ನಿಂತ ಗೋಡೆಯಲ್ಲಿ ವುಲ್ ವರ್ಷಗಳಲ್ಲಿ ಕೆಳಗೆ ಇಳಿಯುತ್ತದೆ, ಮೇಲಿನ ಭಾಗ ಬರೀ ಟೊಳ್ಳು. ಇಡೀ ಓವನ್ ಬದಲಿಸಬೇಕಿಲ್ಲ. ಮೇಲಿನ ಸಾಲಿನ ಶೀಟ್ ಬಿಚ್ಚಿ ಹೊಸ ಸ್ಲ್ಯಾಬ್ ತುಂಬಿಸಿ, ಪಿನ್ ಹಾಕಿ ನಿಲ್ಲಿಸಿ. ಹಳೆಯ 50 ಮಿಲಿಮೀಟರ್ ವುಲ್ ಇರುವ ಓವನ್ ಆದರೆ ಹೊರಗಿನಿಂದಲೇ ಇನ್ನೊಂದು ಪದರ ಸುತ್ತಿ ಮೇಲೆ ಶೀಟ್ ಹೊಡೆಯಬಹುದು. ಮೇಲಿನ ಲೆಕ್ಕದ ಓವನ್ನಿನ ಹೊರಮೈ 60ರಿಂದ 45ಕ್ಕೆ ಇಳಿದರೆ ಗೋಡೆಯ ನಷ್ಟ ಅರ್ಧಕ್ಕಿಂತ ಕೆಳಗೆ ಬರುತ್ತದೆ, ದಿನಕ್ಕೆ 80 ಇದ್ದದ್ದು 37 ಯೂನಿಟ್ಟಿಗೆ.

ಮೀಟರ್ ಹಾಕಿದ್ದೀರಲ್ಲ, ಈಗ ಖಾಲಿ ಓವನ್ ಟೆಸ್ಟ್ ಮಾಡಿ. ರಜೆಯ ದಿನ ಓವನ್ ಖಾಲಿ ಇಟ್ಟು, ಬಾಗಿಲು ಹಾಕಿ, 190ಕ್ಕೆ ಒಯ್ದು ಒಂದು ಗಂಟೆ ಹಾಗೇ ಬಿಡಿ. ಗೋಡೆ ಪೂರ್ತಿ ಕಾಯಲಿ. ಆಮೇಲಿನ ಒಂದು ಗಂಟೆಯಲ್ಲಿ ಎಷ್ಟು ಯೂನಿಟ್ ಓಡಿತು ನೋಡಿ. ಒಂದು ತುಂಡು ಮಾಲೂ ಇಲ್ಲದೆ ಓವನ್ ಸುಮ್ನೆ ತಿನ್ನುವುದು ಅಷ್ಟು. ಈ ಅಂಕಿಯನ್ನು ಓವನ್ ಮೇಲೆಯೇ ಮಾರ್ಕರಿನಲ್ಲಿ ಬರೆಯಿರಿ. ಊಟದ ಹೊತ್ತಿನಲ್ಲಿ, ಪಾರ್ಟಿ ಮಾಲು ಬರುವವರೆಗೆ ಅಂತ ಓವನ್ ಹಚ್ಚಿಟ್ಟು ಕಾಯುವ ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯ ಔಷಧಿ ನಾನು ಕಂಡಿಲ್ಲ.

ಬಾಗಿಲು. ಒಳಗಿನ ಗಾಳಿ ಹಿಡಿದಿಡುವ ಶಾಖ ನಿಜವಾಗಿ ಕಡಿಮೆಯೇ. ಮೇಲಿನ ಓವನ್ನಿನಲ್ಲಿ ಒಂದು ಸಲ ತುಂಬಿದ ಗಾಳಿಯಲ್ಲಿ ಅರ್ಧ ಯೂನಿಟ್ ಕೂಡ ಇರುವುದಿಲ್ಲ. ಆದರೆ ಬಾಗಿಲು ಪೂರ್ತಿ ತೆರೆದಿಟ್ಟರೆ ಬಿಸಿ ಗಾಳಿ ಮೇಲಿನಿಂದ ನುಗ್ಗಿ ಹೊರಗೆ, ತಣ್ಣನೆಯದು ಕೆಳಗಿನಿಂದ ಒಳಗೆ, ಕೆಲವೇ ಸೆಕೆಂಡಿಗೊಮ್ಮೆ ಇಡೀ ಗಾಳಿ ಬದಲಾಗುತ್ತಲೇ ಇರುತ್ತದೆ, ಜೊತೆಗೆ ಒಳಗಿನ ಶೀಟು, ಡಕ್ಟು ಎಲ್ಲ ತಣ್ಣಗಾಗುತ್ತವೆ. ಬಾಗಿಲು ತೆರೆದ ಮೇಲೆ ಟ್ರಾಲಿ ಹುಡುಕುವುದು, ಗ್ಲೌಸ್ ಹಾಕಿಕೊಳ್ಳುವುದು, ಇದೆಲ್ಲ ನಿಲ್ಲಬೇಕು. ಮುಂದಿನ ಟ್ರಾಲಿ ಬಾಗಿಲ ಮುಂದೆ ಬಂದು ನಿಂತ ಮೇಲೆಯೇ ಬಾಗಿಲು ತೆರೆಯಬೇಕು. ತೆರೆದಾಗ ಸರ್ಕ್ಯುಲೇಶನ್ ಫ್ಯಾನ್, ಬರ್ನರ್ ತಾನಾಗಿ ನಿಲ್ಲುವಂತೆ ಒಂದು ಲಿಮಿಟ್ ಸ್ವಿಚ್ ಹಾಕಿಸಿ. ಫ್ಯಾನ್ ಓಡುತ್ತಿದ್ದರೆ ಬಿಸಿ ಗಾಳಿಯನ್ನು ಅದೇ ಹೊರಗೆ ತಳ್ಳುತ್ತದೆ.

ಗ್ಯಾಸ್ಕೆಟ್ ನೋಡಲು ಬಾಗಿಲಿನ ಮೇಲಿನ ಎರಡು ಮೂಲೆ ನೋಡಿದರೆ ಸಾಕು. ಅಲ್ಲಿ ಕಂದು ಬಣ್ಣದ ಕಲೆ, ಜಿಗುಟು ಪದರ ಇದ್ದರೆ ವರ್ಷಗಟ್ಟಲೆ ಅಲ್ಲಿಂದ ಬಿಸಿ ಗಾಳಿ ಸೋರುತ್ತಿದೆ. ಫೈಬರ್‌ಗ್ಲಾಸ್ ಹಗ್ಗದ ಗ್ಯಾಸ್ಕೆಟ್ ಹಾಕಿ, ಹಿಂಜು ಜೋತಿದ್ದರೆ ಸರಿ ಮಾಡಿ, ಲಾಕ್ ಬಿಗಿ ಮಾಡಿ. ಸೋರುವ ಜಾಗ ಕಣ್ಣಿಗೆ ಕಾಣದಿದ್ದರೆ ಓವನ್ ತಣ್ಣಗಿದ್ದಾಗ ಫ್ಯಾನ್ ಮಾತ್ರ ಹಚ್ಚಿ, ಕಡ್ಡಿಗೆ ಕಟ್ಟಿದ ತೆಳು ದಾರವನ್ನು ಬಾಗಿಲ ಅಂಚಿನ ಉದ್ದಕ್ಕೂ ಹಿಡಿಯಿರಿ, ದಾರ ಹಾರಿದ ಕಡೆ ತೂತು. ಊದಿನಕಡ್ಡಿ ಹಚ್ಚಿ ನೋಡುವವರಿದ್ದಾರೆ. ದಯವಿಟ್ಟು ಬೇಡ. ಗಾಳಿಯಲ್ಲಿ ಹಾರುವ ಪೌಡರ್ ಬೆಂಕಿ ಹಿಡಿಯುತ್ತದೆ.

ಟ್ರಾಲಿಯ ವಿಷಯ ಮೇಲೆ ಲೆಕ್ಕದಲ್ಲೇ ಬಂತು. ಹಗುರ ಸೆಕ್ಷನ್ನಿನ ಫ್ರೇಮ್ ಮಾಡಿಸಿ. ಸಾಧ್ಯವಿದ್ದರೆ ಗಾಲಿ, ತಳ ಹೊರಗೇ ಉಳಿದು ಮಾಲು ನೇತಾಡುವ ಭಾಗ ಮಾತ್ರ ಒಳಗೆ ಹೋಗುವಂತೆ ಮೇಲಿನ ಟ್ರ್ಯಾಕ್ ಮಾಡಿ. ಮತ್ತೆ ಒಂದು ಮಾತು, ಅರ್ಧ ತುಂಬಿದ ಟ್ರಾಲಿ ಒಳಗೆ ಕಳಿಸಬೇಡಿ. ಗೋಡೆಗೆ ನಿಮ್ಮ ಟ್ರಾಲಿ ತುಂಬಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ, ಅದು ತಿನ್ನುವಷ್ಟು ತಿಂದೇ ತಿನ್ನುತ್ತದೆ. ಬೆಳಿಗ್ಗೆ ಎರಡು, ಮಧ್ಯಾಹ್ನ ಎರಡು, ಸಂಜೆ ಒಂದು ಅಂತ ಚದುರಿಸಿ ಬೇಯಿಸುವ ಬದಲು ಮಾಲನ್ನು ಹ್ಯಾಂಗರಿಗೆ ನೇತುಹಾಕಿ ಪೌಡರ್ ಹಚ್ಚಿ ಇಟ್ಟುಕೊಂಡು, ಓವನ್ ಹಚ್ಚಿದ ಮೇಲೆ ಬೆನ್ನು ಬೆನ್ನಿಗೆ ತೆಗೆದುಬಿಡಿ. ಬೇಯದ ಪೌಡರಿನ ಮೇಲೆ ಧೂಳು ಕೂರದ ಹಾಗೆ ಜಾಗ ಮಾತ್ರ ಮರೆಯಲ್ಲಿರಲಿ.

ಎಕ್ಸಾಸ್ಟ್ ಡ್ಯಾಂಪರ್, ಅಂದರೆ ಓವನ್ನಿನ ಹೊಗೆ ಕೊಳವೆಯ ತಡೆಬಾಗಿಲು, ಇದರ ಬಗ್ಗೆ ಎಚ್ಚರ. ಜಾಸ್ತಿ ತೆರೆದಿದ್ದರೆ ಶಾಖ ಹೋಗುತ್ತದೆ, ಅದು ಸರಿ. ಆದರೆ ಪೂರ್ತಿ ಮುಚ್ಚಬಾರದು. ಪೌಡರ್ ಬೇಯುವಾಗ ಹೊಗೆ ಬಿಡುತ್ತದೆ, ಗ್ಯಾಸ್ ಓವನ್ ಆದರೆ ಉರಿದ ಗಾಳಿಯೂ ಇದೆ. ಓವನ್ ಮಾಡಿಕೊಟ್ಟವರು ಹೇಳಿದ ಕನಿಷ್ಠಕ್ಕೆ ಇಟ್ಟು ಗುರುತು ಹಾಕಿ. ಥಿನ್ನರ್ ಹಾಕಿದ ಲಿಕ್ವಿಡ್ ಪೇಂಟನ್ನು ಅದೇ ಓವನ್ನಿನಲ್ಲಿ ಬೇಯಿಸುವವರು ಡ್ಯಾಂಪರನ್ನು ಮುಟ್ಟಲೇಬೇಡಿ. ಅಲ್ಲಿ ಉಳಿತಾಯದ ಪ್ರಶ್ನೆ ಇಲ್ಲ, ಸ್ಫೋಟದ ಪ್ರಶ್ನೆ.

ಎಷ್ಟು ಡಿಗ್ರಿ, ಎಷ್ಟು ಹೊತ್ತು

ಪೌಡರ್ ಡಬ್ಬದ ಡೇಟಾಶೀಟಿನಲ್ಲಿ 200 ಡಿಗ್ರಿ 10 ನಿಮಿಷ ಅಂತಲೋ 180 ಡಿಗ್ರಿ 15 ನಿಮಿಷ ಅಂತಲೋ ಇರುತ್ತದೆ. ಅದು ಮಾಲಿನ ಲೋಹದ ಬಿಸಿ. ಡಿಸ್‌ಪ್ಲೇಯಲ್ಲಿ ಕಾಣುವುದು ಗಾಳಿಯ ಬಿಸಿ. ಇವೆರಡರ ನಡುವಿನ ವ್ಯತ್ಯಾಸ ಗೊತ್ತಿಲ್ಲದ ಕಾರಣಕ್ಕೆ ಎಷ್ಟೋ ಶಾಪಿನಲ್ಲಿ ಒಂದು ಮಿಲಿಮೀಟರ್ ಶೀಟನ್ನೂ ಹತ್ತು ಮಿಲಿಮೀಟರ್ ಪ್ಲೇಟನ್ನೂ ಒಂದೇ ಟೈಮರಿನಲ್ಲಿ, "ಯಾವುದಕ್ಕೂ ಇರಲಿ" ಅಂತ ಅರ್ಧ ಗಂಟೆ ಬೇಯಿಸುತ್ತಾರೆ. ಶೀಟು ಕೆಲವೇ ನಿಮಿಷದಲ್ಲಿ ಬಿಸಿಯೇರುತ್ತದೆ. ದಪ್ಪ ಪ್ಲೇಟಿಗೆ ಹಲವು ಪಟ್ಟು ಹೊತ್ತು ಬೇಕು. ಎರಡನ್ನೂ ಒಟ್ಟಿಗೆ ಹಾಕಿದರೆ ಶೀಟು ಸೀದು ಬಿಳಿ ಬಣ್ಣ ಹಳದಿಯಾಗುತ್ತದೆ, ಇಲ್ಲ ಪ್ಲೇಟು ಹಸಿ ಉಳಿಯುತ್ತದೆ.

ಮಾಡಬೇಕಾದ್ದು ಇದು. ಟೆಂಪರೇಚರ್ ಡೇಟಾ ಲಾಗರ್ ಬಾಡಿಗೆಗೆ ಅಥವಾ ಪೌಡರ್ ಸಪ್ಲೈಯರ್ ಕಡೆಯಿಂದ ತರಿಸಿ. ಪೌಡರ್ ಕಂಪನಿಯ ಟೆಕ್ನಿಕಲ್ ಎಂಜಿನಿಯರ್ ಹತ್ತಿರ ಇರುತ್ತದೆ, ಕೇಳಿದರೆ ತರುತ್ತಾರೆ. ಪ್ರೋಬ್‌ಗಳನ್ನು ಮಾಲಿಗೇ ಕಟ್ಟಿ, ಮೇಲೆ ಒಂದು, ಕೆಳಗೆ ಒಂದು, ಬಾಗಿಲ ಹತ್ತಿರ ಒಂದು, ನಟ್ಟನಡುವಿಗೆ ಒಂದು. ಬರುವ ಗ್ರಾಫಿನಲ್ಲಿ ಎರಡು ವಿಷಯ ಕಾಣುತ್ತವೆ. ಒಂದು, ಲೋಹ ಬೇಕಾದ ಬಿಸಿಗೆ ಯಾವಾಗ ಮುಟ್ಟಿತು. ಎರಡು, ಮೇಲಿಗೂ ಕೆಳಗೂ ಎಷ್ಟು ವ್ಯತ್ಯಾಸ. ಈ ವ್ಯತ್ಯಾಸ 20 ಡಿಗ್ರಿ ಇದ್ದರೆ ಕೆಳಗಿನ ಮಾಲು ಬೇಯಲಿ ಅಂತ ನೀವು ಇಡೀ ಓವನ್ನನ್ನು 20 ಡಿಗ್ರಿ ಜಾಸ್ತಿ ಕಾಯಿಸುತ್ತಿದ್ದೀರಿ. ಡಕ್ಟಿನ ಲೂವರ್ (ಗಾಳಿಯ ದಿಕ್ಕು ಬದಲಿಸುವ ಪಟ್ಟಿ) ತಿರುಗಿಸಿ, ಫ್ಯಾನ್ ಬೆಲ್ಟ್ ಬಿಗಿ ಮಾಡಿ, ಮಾಲಿನ ನಡುವೆ ಗಾಳಿ ಓಡಾಡಲು ಜಾಗ ಬಿಟ್ಟು ಮತ್ತೆ ಗ್ರಾಫ್ ತೆಗೆಯಿರಿ. ದಪ್ಪದ ಪ್ರಕಾರ ಮೂರು ನಾಲ್ಕು ಗುಂಪು ಮಾಡಿ, ಪ್ರತಿ ಗುಂಪಿಗೆ ಬೇರೆ ಟೈಮ್ ಬರೆದು ಓವನ್ ಪಕ್ಕ ಅಂಟಿಸಿ. ಹುಬ್ಬಳ್ಳಿ ವಿದ್ಯಾನಗರದ ಎಂಜಿನಿಯರಿಂಗ್ ಕಾಲೇಜಿನ ಹುಡುಗರಿಗೆ ಇದು ಒಳ್ಳೆಯ ಪ್ರಾಜೆಕ್ಟ್, ಅವರ ವಿಭಾಗಕ್ಕೆ ಹೋಗಿ ಕೇಳಿ ನೋಡಿ.

ಟೈಮ್ ಇಳಿಸಿದ ಮೇಲೆ ಮಾಲು ಬೆಂದಿದೆಯಾ ಅಂತ ನೋಡದೆ ಪಾರ್ಟಿಗೆ ಕಳಿಸಬೇಡಿ. ಸಾಲ್ವೆಂಟ್ ಹಚ್ಚಿದ ಬಟ್ಟೆಯಿಂದ ಉಜ್ಜಿ ನೋಡಿ, ಬಣ್ಣ ಬಟ್ಟೆಗೆ ಬಂದರೆ, ಮೈ ಮೆತ್ತಗಾದರೆ ಹಸಿ ಇದೆ. ಕ್ರಾಸ್‌ಕಟ್ ಮಾಡಿ (ಬ್ಲೇಡಿನಿಂದ ಚೌಕ ಚೌಕ ಗೆರೆ ಕೊಯ್ದು) ಟೇಪ್ ಅಂಟಿಸಿ ಕೀಳಿ. 160 ಡಿಗ್ರಿ ಆಸುಪಾಸಿನಲ್ಲಿ ಬೇಯುವ ಪೌಡರ್‌ಗಳೂ ಸಿಗುತ್ತವೆ, ದಪ್ಪ ಮಾಲಿನವರಿಗೆ ಲಾಭ. ಆದರೆ ಅವನ್ನು ಬಿಸಿ ಶೆಡ್ಡಿನಲ್ಲಿ ಇಟ್ಟರೆ ಗಂಟು ಕಟ್ಟುತ್ತವೆ. ನಮ್ಮ ಏಪ್ರಿಲ್ ಬಿಸಿಲಿಗೆ ಸ್ಟೋರ್ ರೂಮ್ ತಣ್ಣಗಿಡಲು ಆಗದಿದ್ದರೆ ಆ ಕಡೆ ಹೋಗಬೇಡಿ ಅನ್ನುವುದು ನನ್ನ ಅಭಿಪ್ರಾಯ.

ಬಿಸಿ ಟ್ಯಾಂಕ್: ಎಲ್ಲರೂ ಮರೆಯುವ ಜಾಗ

ಡೀಗ್ರೀಸಿಂಗ್ (ಎಣ್ಣೆ ಜಿಡ್ಡು ತೆಗೆಯುವ), ಫಾಸ್ಫೇಟಿಂಗ್ (ಪೌಡರ್ ಹಿಡಿಯಲು, ತುಕ್ಕು ತಡೆಯಲು ಪದರ ಕೊಡುವ) ಟ್ಯಾಂಕ್ ಬಿಸಿ ಮಾಡುವವರು ಗಮನಿಸಿ. ಸಾವಿರ ಲೀಟರ್ ನೀರನ್ನು 25ರಿಂದ 55 ಡಿಗ್ರಿಗೆ ಒಯ್ಯಲು 35 ಯೂನಿಟ್ ಬೇಕು. ಮೇಲೆ ಲೆಕ್ಕ ಹಾಕಿದ ಐದು ಬ್ಯಾಚ್ ಮಾಲಿನ ಶಾಖ ಒಂದು ಟ್ಯಾಂಕ್ ಎಬ್ಬಿಸಲೇ ಹೋಯಿತು. ಎಬ್ಬಿಸಿದ ಮೇಲೆ ಬಿಸಿ ಹೋಗುವುದು ಮುಖ್ಯವಾಗಿ ಮೇಲಿನಿಂದ, ಆವಿಯಾಗಿ. ಬಾಯಿ ತೆರೆದ ಟ್ಯಾಂಕ್ ಅಂದರೆ ಮುಚ್ಚಳ ಹಾಕದೆ ಅನ್ನಕ್ಕೆ ಎಸರು ಕಾಯಿಸಿದ ಹಾಗೆ.

ಇದನ್ನು ಅಳೆಯಲು ಒಂದು ಚಾಕ್‌ಪೀಸ್ ಸಾಕು. ರಾತ್ರಿ ಕೆಲಸ ಇಲ್ಲದಾಗ ಟ್ಯಾಂಕ್ ಬಿಸಿ ಇಟ್ಟುಹೋಗುವ ಅಭ್ಯಾಸ ಇದ್ದರೆ ಸಂಜೆ ನೀರಿನ ಮಟ್ಟಕ್ಕೆ ಗೆರೆ ಎಳೆಯಿರಿ, ಬೆಳಿಗ್ಗೆ ಎಷ್ಟು ಇಳಿದಿದೆ ನೋಡಿ. ಒಂದೂವರೆ ಮೀಟರ್ ಉದ್ದ, ಒಂದು ಮೀಟರ್ ಅಗಲದ ಟ್ಯಾಂಕಿನಲ್ಲಿ ಒಂದು ಸೆಂಟಿಮೀಟರ್ ಇಳಿದರೆ 15 ಲೀಟರ್. ಒಂದು ಲೀಟರ್ ಆವಿಯಾಗಲು, ಅದರ ಜಾಗಕ್ಕೆ ಹಾಕಿದ ಹೊಸ ನೀರು ಬಿಸಿಯಾಗಲು ಸೇರಿ ಸುಮಾರು 0.7 ಯೂನಿಟ್. ಅಂದರೆ ಒಂದು ಸೆಂಟಿಮೀಟರಿಗೆ 10 ಯೂನಿಟ್. ಗೆರೆಯಿಂದ ಗೆರೆಗೆ ಸ್ಕೇಲ್ ಹಿಡಿದು ನೋಡಿದಾಗ ಮೂರು ಸೆಂಟಿಮೀಟರ್ ಬಂದರೆ ಎದೆ ಧಸಕ್ ಅನ್ನುತ್ತದೆ. ರಾತ್ರಿ ಆಫ್ ಮಾಡಿ, ಬೆಳಿಗ್ಗೆ ಟೈಮರಿನಲ್ಲಿ ಬೇಗ ಹಚ್ಚಿ. ಮುಚ್ಚಳ ಮಾಡಿಸಿ. ಹೊತ್ತುಹೊತ್ತಿಗೆ ಮುಚ್ಚಳ ತೆಗೆಯುವುದು ಕಷ್ಟ ಅನ್ನುವವರು ತೇಲುವ ಪ್ಲಾಸ್ಟಿಕ್ ಬಾಲ್‌ಗಳನ್ನು ಒಂದು ಪದರ ಬಿಡಿ, ಬಿಸಿಗೂ ಕೆಮಿಕಲ್ಲಿಗೂ ತಡೆಯುವ ಪಿಪಿ ಬಾಲ್‌ಗಳು ಸಿಗುತ್ತವೆ. ಮಾಲು ಇಳಿಸಿದಾಗ ಸರಿದು ಜಾಗ ಬಿಡುತ್ತವೆ, ತೆಗೆದಾಗ ಮತ್ತೆ ಕೂಡಿಕೊಳ್ಳುತ್ತವೆ. ಟ್ಯಾಂಕಿನ ನಾಲ್ಕು ಬದಿಗೆ ಇನ್ಸುಲೇಶನ್ ಆಮೇಲಿನ ಮಾತು.

ನಮ್ಮಲ್ಲಿ ನೀರಿನ ಕಥೆ ಬೇರೆಯೇ ಇದೆ. ಮಲಪ್ರಭಾ ನೀರು ದಿನಗಟ್ಟಲೆ ಬಿಟ್ಟು ಬರುವ ಏರಿಯಾಗಳಲ್ಲಿ ಬೋರ್‌ವೆಲ್ ನೀರೇ ಗತಿ. ಅದು ಗಡಸು. ಹೀಟರ್ ರಾಡ್ ಮೇಲೆ ಬಿಳಿ ಪದರ ಕಟ್ಟುತ್ತದೆ, ರಾಡ್ ಒಳಗೆ ಸುಡುತ್ತದೆ, ನೀರು ನಿಧಾನ ಕಾಯುತ್ತದೆ, ಕೊನೆಗೆ ರಾಡೇ ಹೋಗುತ್ತದೆ. ತಿಂಗಳಿಗೊಮ್ಮೆ ರಾಡ್ ಎತ್ತಿ ನೋಡಿ, ಪದರ ಇದ್ದರೆ ತೆಗೆಯಿರಿ. ಗ್ಯಾಸ್ ಬರ್ನರ್ ಟ್ಯೂಬ್ ಇರುವ ಟ್ಯಾಂಕಿಗೆ ಇದು ಇನ್ನೂ ಮುಖ್ಯ.

ಕೆಮಿಕಲ್ ಬದಲಿಸಿ ಬಿಸಿಯನ್ನೇ ತೆಗೆದುಹಾಕುವ ದಾರಿಯೂ ಇದೆ. ಕೋಲ್ಡ್ ಫಾಸ್ಫೇಟಿಂಗ್ ಇದೆ. ಜಿರ್ಕೋನಿಯಂ ಆಧಾರದ, ಎಲ್ಲರೂ ನ್ಯಾನೋ ಅನ್ನುವ ಕೋಟಿಂಗ್ ಸಾಮಾನ್ಯ ಬಿಸಿಯಲ್ಲೇ ಕೆಲಸ ಮಾಡುತ್ತದೆ, ಕೆಸರೂ ಕಡಿಮೆ. ಆದರೆ ಅದಕ್ಕೆ ಮೊದಲಿನ ತೊಳೆತ ಚೊಕ್ಕವಾಗಿರಬೇಕು, ಲವಣ ತೆಗೆದ ಡಿಎಂ ಅಥವಾ ಆರ್‌ಒ ನೀರು ಬೇಕು. ಬೋರ್ ನೀರಿನಲ್ಲೇ ತೊಳೆದು ನ್ಯಾನೋ ಮಾಡಿದರೆ ಉಪ್ಪಿನ ಕಲೆ, ತುಕ್ಕು ಗ್ಯಾರಂಟಿ. ನೀರಿನ ವ್ಯವಸ್ಥೆ ಮೊದಲು, ಕೆಮಿಕಲ್ ಆಮೇಲೆ. ಪಾರ್ಟಿಗೆ ಸಾಲ್ಟ್ ಸ್ಪ್ರೇ ಟೆಸ್ಟ್ (ಉಪ್ಪು ನೀರು ಊದಿ ತುಕ್ಕು ನೋಡುವುದು) ಷರತ್ತು ಇದ್ದರೆ ಅವರ ಒಪ್ಪಿಗೆ ಬರೆದು ತಗೊಳ್ಳದೆ ಬದಲಿಸಲೇಬೇಡಿ.

ಟ್ಯಾಂಕಿನಿಂದ ಓವನ್ನಿಗೆ ಹೋಗುವ ನೀರೂ ದುಡ್ಡೇ. ಬಾಕ್ಸ್ ಸೆಕ್ಷನ್ ಒಳಗೆ ಉಳಿದ ಒಂದು ಲೀಟರ್ ನೀರು ಡ್ರೈಯಿಂಗ್ ಓವನ್ನಿನಲ್ಲಿ ಮತ್ತೆ 0.7 ಯೂನಿಟ್ ತಿನ್ನುತ್ತದೆ. ಮಾಲನ್ನು ಓರೆಯಾಗಿ ನೇತುಹಾಕಿ. ಫ್ಯಾಬ್ರಿಕೇಶನ್ ಮಾಡುವ ಪಾರ್ಟಿಗೆ ಹೇಳಿ ಕೆಳಮೂಲೆಯಲ್ಲಿ ಸಣ್ಣ ತೂತು ಹಾಕಿಸಿ. ತೊಟ್ಟಿಕ್ಕಲು ಹೊತ್ತು ಕೊಡಿ.

ಕಂಪ್ರೆಸರ್

ಶಾಪಿನಲ್ಲಿ ಎಲ್ಲಕ್ಕಿಂತ ದುಬಾರಿ ವಸ್ತು ಪೈಪಿನೊಳಗಿನ ಗಾಳಿ. ಕಂಪ್ರೆಸರಿಗೆ ಕೊಟ್ಟ ಕರೆಂಟಿನ ಬಹುಪಾಲು ಶಾಖವಾಗಿ ಹೋಗುತ್ತದೆ, ಪೌಡರ್ ಊದುವ ಗನ್ನಿನ ತುದಿಯಲ್ಲಿ ಸಿಗುವುದು ಹತ್ತರಲ್ಲಿ ಒಂದು ಪಾಲಿನಷ್ಟು. 7 ಬಾರ್ ಒತ್ತಡದಲ್ಲಿ 3 ಮಿಲಿಮೀಟರಿನ ಒಂದು ತೂತು ಸುಮಾರು 3 ಕಿಲೋವ್ಯಾಟ್ ತಿನ್ನುತ್ತದೆ.

ಸೋರಿಕೆ ಅಳೆಯುವುದು ಸುಲಭ. ಕೆಲಸ ಇಲ್ಲದಾಗ ಗನ್, ಪೌಡರ್ ಊದುವ ಬೂತ್ ಎಲ್ಲ ಆಫ್ ಮಾಡಿ, ಲೈನಿನಲ್ಲಿ ಗಾಳಿ ತುಂಬಿಸಿ ಕಂಪ್ರೆಸರ್ ಓಡಲು ಬಿಡಿ. ಮೊಬೈಲಿನಲ್ಲಿ ಟೈಮ್ ಹಿಡಿಯಿರಿ. ಒಂದು ನಿಮಿಷ ಲೋಡ್ (ಗಾಳಿ ತುಂಬುವುದು), ನಾಲ್ಕು ನಿಮಿಷ ಗಾಳಿ ತುಂಬದೆ ಅನ್‌ಲೋಡ್ ಅಂದರೆ ಐದರಲ್ಲಿ ಒಂದು ಪಾಲು, ಅಂದರೆ ಶೇಕಡಾ 20 ಸೋರಿಕೆ. ಶೇಕಡಾ 10ರ ಒಳಗೆ ತರಬೇಕು. ಸೋಪ್ ನೀರು, ಬ್ರಷ್ ಹಿಡಿದು ಹೊರಡಿ. ಕ್ಲಿಪ್ ಹಾಕಿದ ಪೈಪ್ ಜಾಯಿಂಟು, ಗಾಳಿ ಸೋಸುವ ಎಫ್‌ಆರ್‌ಎಲ್ ಬೌಲು, ಡ್ರೇನ್ ವಾಲ್ವು, ಬೂತಿನ ಕಾರ್ಟ್ರಿಜ್ ಫಿಲ್ಟರ್ ಊದುವ ಪಲ್ಸ್ ವಾಲ್ವಿನ ಡಯಾಫ್ರಾಮು. ಈ ಕೊನೆಯದು ಬೂತ್ ಹಿಂದೆ ಸಣ್ಣಗೆ ಸುಯ್ ಅನ್ನುತ್ತಿರುತ್ತದೆ, ಫ್ಯಾನ್ ಸದ್ದಿನಲ್ಲಿ ಯಾರಿಗೂ ಕೇಳಿಸುವುದಿಲ್ಲ.

ಒತ್ತಡ ಒಂದು ಬಾರ್ ಇಳಿಸಿದರೆ ಶೇಕಡಾ 6-7 ಕರೆಂಟ್ ಉಳಿಯುತ್ತದೆ. ಗನ್ನಿಗೆ ಬೇಕಾದ್ದೆಷ್ಟು ಅಂತ ಅದರ ಪುಸ್ತಕ ನೋಡಿ, ಅರ್ಧ ಅರ್ಧ ಬಾರ್ ಇಳಿಸುತ್ತಾ ಬನ್ನಿ. ಕಂಪ್ರೆಸರನ್ನು ಓವನ್ ಪಕ್ಕದಲ್ಲಿ ಇಟ್ಟಿದ್ದರೆ ಅದು ಎಳೆಯುವುದು ಬಿಸಿ ಗಾಳಿ. ಎಳೆಯುವ ಗಾಳಿ 4 ಡಿಗ್ರಿ ಜಾಸ್ತಿ ಬಿಸಿ ಇದ್ದರೆ ಶೇಕಡಾ 1 ಕರೆಂಟ್ ಜಾಸ್ತಿ. ಹೊರಗಿನಿಂದ, ನೆರಳಿನ ಕಡೆಯಿಂದ ಡಕ್ಟ್ ಕೊಡಿ. ಮಾಲಿನ ಮೇಲಿನ ನೀರು ಊದಲು ಕಂಪ್ರೆಸರ್ ಗಾಳಿ ಬಳಸುವುದನ್ನು ನಿಲ್ಲಿಸಿ ಸಣ್ಣ ಬ್ಲೋವರ್ ತನ್ನಿ. ಮಳೆಗಾಲದಲ್ಲಿ ಡ್ರೈಯರ್ ಮಾತ್ರ ಆಫ್ ಮಾಡಬೇಡಿ, ಒದ್ದೆ ಗಾಳಿಗೆ ಪೌಡರ್ ಉಂಡೆ ಕಟ್ಟಿ ರಿಜೆಕ್ಷನ್ ಬಂದರೆ ಉಳಿಸಿದ್ದೆಲ್ಲ ಹೋಯಿತು.

ಬೂತಿನ ಎಕ್ಸಾಸ್ಟ್ ಫ್ಯಾನಿಗೆ ಮೋಟರ್ ವೇಗ ಬದಲಿಸುವ ವಿಎಫ್‌ಡಿ ಹಾಕಿದರೆ ವೇಗ ಶೇಕಡಾ 80ಕ್ಕೆ ಇಳಿಸಿದಾಗ ಕರೆಂಟ್ ಹತ್ತಿರ ಹತ್ತಿರ ಅರ್ಧ ಆಗುತ್ತದೆ. ಪೌಡರ್ ಬೂತಿನಿಂದ ಹೊರಗೆ ಬರದಷ್ಟು ಎಳೆತ ಇರಲೇಬೇಕು, ಅಷ್ಟು ನೋಡಿ ಇಳಿಸಿ.

ರಿಜೆಕ್ಷನ್ ಅಂದರೆ ಎರಡು ಸಲ ಬೇಯಿಸಿದ ಮಾಲು

ಮೇಲೆ ಹೇಳಿದ್ದೆಲ್ಲ ಮಾಡಿ, ನೂರಕ್ಕೆ ಹತ್ತು ಮಾಲು ವಾಪಸ್ ಬಂದರೆ ಏನು ಉಪಯೋಗ? ಬಣ್ಣ ತೆಗೆಯಬೇಕು, ಮತ್ತೆ ಟ್ಯಾಂಕು, ಮತ್ತೆ ಪೌಡರು, ಮತ್ತೆ ಓವನ್ನು. ಇದಕ್ಕೆ ಒಂದು ಸಾಮಾನ್ಯ ಕಾರಣ ಕೆಟ್ಟ ಅರ್ಥಿಂಗ್, ಅಂದರೆ ಮಾಲಿಗೆ ಬಂದ ಕರೆಂಟು ಹುಕ್ಕಿನ ಮೂಲಕ ನೆಲಕ್ಕೆ ಇಳಿಯದಿರುವುದು. ಹುಕ್ಕಿನ ಮೇಲೆ ಪೌಡರ್ ಬೆಂದು ಬೆಂದು ಪದರ ಪದರವಾಗಿ ಕೂತಿರುತ್ತದೆ. ಒಂದು ಹುಕ್ಕನ್ನು ಚಾಕುವಿನಿಂದ ಕೆರೆದು ನೋಡಿ, ಬಿಳಿ, ನೀಲಿ, ಸೀಮೆನ್ಸ್ ಗ್ರೇ, ಮತ್ತೆ ಬಿಳಿ, ಈವರೆಗೆ ಮಾಡಿದ ಆರ್ಡರ್‌ಗಳೆಲ್ಲ ಅಲ್ಲಿ ಕಾಣುತ್ತವೆ. ಆ ಪದರದ ಮೂಲಕ ಕರೆಂಟ್ ಹರಿಯುವುದಿಲ್ಲ. ಮಾಲಿಗೆ ಪೌಡರ್ ಹಿಡಿಯುವುದಿಲ್ಲ, ಮೂಲೆಗಳು ಬೋಳಾಗಿ ಉಳಿಯುತ್ತವೆ, ಹುಡುಗ ಗನ್ನಿನ ಕೆವಿ (ವೋಲ್ಟೇಜ್) ಏರಿಸುತ್ತಾನೆ, ಮೈ ಇನ್ನೂ ಕೆಡುತ್ತದೆ. ಮಾಲಿನಿಂದ ಅರ್ಥಿಗೆ ರೆಸಿಸ್ಟೆನ್ಸ್ ಒಂದು ಮೆಗಾಓಮಿನ ಒಳಗೆ ಇರಬೇಕು. ಮೆಗ್ಗರ್ ಹಚ್ಚಿ ಅಳೆಯಿರಿ, ಅಳೆಯುವಾಗ ಗನ್ ಆಫ್ ಇರಲಿ. ಹುಕ್ಕಿನ ಎರಡು ಸೆಟ್ ಇಟ್ಟುಕೊಂಡು ಒಂದು ಕೆಲಸದಲ್ಲಿದ್ದಾಗ ಇನ್ನೊಂದನ್ನು ಸ್ವಚ್ಛ ಮಾಡಿಸಿ. ಇದು ಎನರ್ಜಿ ಉಳಿಸುವ ಪುಸ್ತಕಗಳಲ್ಲಿ ಮೊದಲ ಪುಟದಲ್ಲಿ ಇರಬೇಕಾದ ವಿಷಯ ಅಂತ ನನಗನ್ನಿಸುತ್ತದೆ.

ಯಾವ ಇಂಧನ, ಬಿಲ್ಲು ಹೇಗೆ ಓದುವುದು

19 ಕೆಜಿ ಕಮರ್ಷಿಯಲ್ ಸಿಲಿಂಡರಿನಲ್ಲಿ ಸುಮಾರು 240 ಯೂನಿಟ್ ಶಾಖ ಇರುತ್ತದೆ. ಡೀಸೆಲ್ ಲೀಟರಿಗೆ ಸುಮಾರು 10 ಯೂನಿಟ್. ಪೈಪ್ ಗ್ಯಾಸ್ ನಿಮ್ಮ ರಸ್ತೆಗೆ ಬಂದಿದ್ದರೆ ಅದರ ಒಂದು ಕ್ಯೂಬಿಕ್ ಮೀಟರಿಗೂ ಸುಮಾರು 10. ಚಿಮಣಿಯಿಂದ ಹೋಗುವುದನ್ನು ಕಳೆದು, ಹೀಟ್ ಎಕ್ಸ್‌ಚೇಂಜರ್ ಇರುವ ಓವನ್ನಿನಲ್ಲಿ ನಾಲ್ಕರಲ್ಲಿ ಮೂರು ಪಾಲು ಒಳಗೆ ಸಿಗುತ್ತದೆ ಅಂತಿಟ್ಟುಕೊಂಡರೆ ಒಂದು ಸಿಲಿಂಡರಿಗೆ 180. ಇವತ್ತಿನ ಸಿಲಿಂಡರ್ ರೇಟನ್ನು 180ರಿಂದ ಭಾಗಿಸಿ, ಹೆಸ್ಕಾಂ ಯೂನಿಟ್ ರೇಟಿನ ಪಕ್ಕ ಇಟ್ಟು ನೋಡಿ. ರೇಟು ಬದಲಾದಾಗಲೆಲ್ಲ ಈ ಭಾಗಾಕಾರ ಮತ್ತೆ ಮಾಡಿ. ಬರ್ನರ್ ಜ್ವಾಲೆ ಹಳದಿ ಇದ್ದರೆ, ಡೀಸೆಲ್ ಓವನ್ನಿನ ಎಕ್ಸ್‌ಚೇಂಜರಿನಲ್ಲಿ ಮಸಿ ಇದ್ದರೆ ಆ ನಾಲ್ಕರಲ್ಲಿ ಮೂರು ಕೂಡ ಸಿಗುವುದಿಲ್ಲ, ಟ್ಯೂನಿಂಗ್ ಮಾಡಿಸಿ.

ಎಲೆಕ್ಟ್ರಿಕ್ ಓವನ್ ಇದ್ದವರು ಬಿಲ್ಲಿನಲ್ಲಿ ಯೂನಿಟ್ ಕೆಳಗಿನ ಸಾಲುಗಳನ್ನೂ ಓದಿ. ಬೆಳಿಗ್ಗೆ ಬಂದ ಕೂಡಲೇ ಓವನ್, ಟ್ಯಾಂಕ್ ಹೀಟರ್, ಕಂಪ್ರೆಸರ್ ಮೂರೂ ಒಟ್ಟಿಗೆ ಹಚ್ಚಿದರೆ ಡಿಮ್ಯಾಂಡ್, ಅಂದರೆ ಒಂದೇ ಹೊತ್ತಿಗೆ ಎಳೆಯುವ ಲೋಡ್, ಏರಿ ಕೂರುತ್ತದೆ. ಮಂಜೂರಾದ ಲೋಡ್ ಮೀರಿದರೆ ದಂಡದ ರೇಟು ಬೀಳುತ್ತದೆ. ಟ್ಯಾಂಕ್ ಮೊದಲು, ಅದು ಕಾದು ಕಟಾಫ್ ಆದ ಮೇಲೆ ಓವನ್. ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ಕೆಲಸಕ್ಕೆ ಬಂದ ಪಾಲು) ಇಳಿದಿದ್ದರೆ ಕೆಪಾಸಿಟರ್ ನೋಡಿಸಿ. ಟೈಮ್ ಆಫ್ ಡೇ ಮೀಟರ್ ಇದ್ದರೆ ಯಾವ ಹೊತ್ತಿಗೆ ರೇಟು ಜಾಸ್ತಿ ಅಂತ ಬಿಲ್ಲಿನಲ್ಲೇ ಇರುತ್ತದೆ. ಆ ಹೊತ್ತಿನಲ್ಲಿ ಹ್ಯಾಂಗಿಂಗ್, ಮಾಸ್ಕಿಂಗ್, ಪ್ಯಾಕಿಂಗ್ ಇಟ್ಟುಕೊಳ್ಳಿ. ಛಾವಣಿ ಮೇಲೆ ಸೋಲಾರ್ ಹಾಕುವ ಯೋಚನೆ ಇದ್ದರೆ ಒಳ್ಳೆಯದೇ, ನಮ್ಮ ಬಿಸಿಲಿಗೆ ಕೊರತೆ ಇಲ್ಲ. ಆದರೆ ಓವನ್ ಸೋರಿಕೆ ನಿಲ್ಲಿಸಿದ ಮೇಲೆ ಸೈಜ್ ಲೆಕ್ಕ ಹಾಕಿ. ಮೊದಲೇ ಹಾಕಿದರೆ ಗೋಡೆಯಿಂದ ಹೋಗುವ ಶಾಖಕ್ಕೂ ಪ್ಯಾನಲ್ ಖರೀದಿಸಿದಂತೆ.

ಹೊಸ ಓವನ್ನೇ ಮಾಡಿಸುವುದಾದರೆ ಕೊಟೇಶನ್ನಿನಲ್ಲಿ ಮೂರು ಸಾಲು ಬರೆಸಿಕೊಳ್ಳಿ. ಇನ್ಸುಲೇಶನ್ ಎಷ್ಟು ಮಿಲಿಮೀಟರ್, ಎಷ್ಟು ಡೆನ್ಸಿಟಿ. 200 ಡಿಗ್ರಿಯಲ್ಲಿ ಹೊರಮೈ ಬಿಸಿ ಎಷ್ಟು ಮೀರಬಾರದು. ಖಾಲಿ ಓವನ್ ಟೆಸ್ಟಿನಲ್ಲಿ ಗಂಟೆಗೆ ಎಷ್ಟು ಯೂನಿಟ್. ಕೊನೆಯ ಕಂತಿನ ದುಡ್ಡನ್ನು ನಿಮ್ಮ ಶೆಡ್ಡಿನಲ್ಲಿ, ನಿಮ್ಮ ಮೀಟರಿನಲ್ಲಿ ಆ ಟೆಸ್ಟ್ ಆದ ಮೇಲೆಯೇ ಕೊಡಿ.